ರೀಟಾ ಲಿಫ್ಟಿಗೆ ಕಾದ ಬೆಳಗು

ನಾನು ನಿಂತಿದ್ದದ್ದು ಹಾಲಿನ ಡೇರಿಯ ಮೇಲಿನ ಮೆಟ್ಟಿಲಲ್ಲಿ. ಬಲಗೈಯಲ್ಲಿ ತುಂಬಿದ ಕ್ಯಾನು. ರಾಗಿ ಕುಯ್ದು ಕಣದಲ್ಲಿ ಮೆದೆ ಹಾಕಿದ್ದ ಕಾಲ. ಹೊತ್ತು ಆಗತಾನೆ ಹುಟ್ಟಿತ್ತು, ಕಂಪನಿ ಬಸ್ಸು ಇನ್ನೂ ಬಂದಿರಲಿಲ್ಲ. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ. ಆ ಬೆಳಗಿನ ಕಥೆ ಹೇಳುವವರು ನಮ್ಮೂರಲ್ಲಿ ಬಹಳ ಜನ, ಅಲ್ಲಿದ್ದವರು ಕಡಿಮೆ.

ಇವತ್ತು ಅದನ್ನು ಕೆದಕಿದವಳು ನನ್ನ ಮಗಳು. ಅಟ್ಟದ ಮೇಲಿದ್ದ ಅವಳ ಸೋದರತ್ತೆಯ ಹಳೆಯ ಇಂಗ್ಲಿಷ್ ಪುಸ್ತಕ ಹೇಗೋ ಕೈಗೆ ಸಿಕ್ಕಿತ್ತು. ಜಗಲಿಯಲ್ಲಿ ಕುಳಿತು ಜೋರಾಗಿ ಓದಿದಳು: "ರೀಟಾ ಈಸ್ ವೇಟಿಂಗ್ ಫಾರ್ ದ ಲಿಫ್ಟ್." ಕಾಫಿ ಕುಡಿಯುತ್ತಿದ್ದ ನಾನು ಲೋಟ ಕೆಳಗಿಟ್ಟೆ. ಬಲಗೈ ತಾನಾಗಿ ಬಿಗಿಯಿತು, ಕ್ಯಾನು ಹಿಡಿದ ಹಾಗೆ.

ಆ ಪುಸ್ತಕವನ್ನು ನೀವು ನೋಡಿರಲಿಕ್ಕಿಲ್ಲ. ವ್ಯಾಕರಣ ಕಲಿಸುವುದೇ ಅದರ ಉದ್ದೇಶವಾದರೂ ವ್ಯಾಕರಣದ ಮಾತೇ ಎತ್ತುವುದಿಲ್ಲ. ಪುಟಕ್ಕೊಂದು ಚಿಕ್ಕ ಪಾಠ, ಕೊನೆಯಲ್ಲಿ ಬಿಟ್ಟ ಸ್ಥಳ ತುಂಬುವ ಅಭ್ಯಾಸ. ಪಾಠಗಳಲ್ಲೆಲ್ಲ ರೀಟಾ ಎಂಬ ಒಬ್ಬಳೇ. ಅವಳು ಲಿಫ್ಟಿಗೆ ಕಾಯುತ್ತಾಳೆ, ಸೂಪರ್ ಮಾರ್ಕೆಟ್ಟಿಗೆ ಹೋಗುತ್ತಾಳೆ, ಫ್ರಿಜ್ಜಿನಲ್ಲಿ ಹಾಲು ಮುಗಿದದ್ದು ಕಂಡು ಬೇಜಾರು ಮಾಡಿಕೊಳ್ಳುತ್ತಾಳೆ. ಇದಕ್ಕಿಂತ ದೊಡ್ಡ ಕಷ್ಟ ಅವಳಿಗೆ ಇಡೀ ಪುಸ್ತಕದಲ್ಲಿ ಬಂದಿಲ್ಲ. ಅರಳೀಕಟ್ಟೆಯ ಮೂಲೆಯಲ್ಲಿ ಬಿಸಿಲಿಗೆ ಮೈ ಕಾಯಿಸುತ್ತಾ ಆಗ ನಮ್ಮ ಹುಡುಗಿಯರ ಪಾಠ ಕೇಳಿಸಿಕೊಳ್ಳುತ್ತಿದ್ದ ಮುನಿಯಪ್ಪ ಮಾವ ದಿನವೂ ಕೇಳುತ್ತಿದ್ದ:

"ಅದ್ಯಾರವ್ವ ಆ ರೀಟಾ? ದಿನಾ ಅಂಗ್ಡಿಗೋಯ್ತಾಳೆ, ಒಂದಿನಾನೂ ಹೊಲದ ಕಡೆ ಬರಾಕಿಲ್ವಲ್ಲ! ಅವುಳ್ ಗಂಡ ಏನೂ ಅನ್ನಾಕಿಲ್ವಾ?"

"ಅವುಳ್ಗಿನ್ನೂ ಮದ್ವೆ ಆಗಿಲ್ಲ ಮಾವ," ಎನ್ನುತ್ತಿದ್ದಳು ನನ್ನ ತಂಗಿ ಮಂಜುಳಾ.

"ಹಂಗಾದ್ರೆ ನಮ್ಮುಡ್ಗುಂಗೆ ಕೇಳ್ಬುಡು."

ತಮಿಳು ಸೀಮೆಯ ಗಡಿಯಲ್ಲಿ, ಉದ್ದನಪಲ್ಲಿಯಿಂದ ಒಳಕ್ಕಿರುವ ನಮ್ಮೂರಿಂದ ಏಳೆಂಟು ಹೆಣ್ಣುಮಕ್ಕಳು ಮೂಕಂಡಪಲ್ಲಿಯ ಒಂದು ಕಾರ್ಖಾನೆಗೆ ಹೋಗುತ್ತಿದ್ದರು. ಬಸ್ಸು ಬರುವ ಮುಂಚೆ ಕಟ್ಟೆಯ ಮೇಲೆ ಪಾಠ. ಕಲಿಸುತ್ತಿದ್ದವಳು ಅವರಲ್ಲೇ ಹಿರಿಯಳಾದ ರಾಜೇಶ್ವರಿ. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು ದಾಟಿ ಬಂದ ನಮಗೆ ನಾಲ್ಕನೆಯದೊಂದು ಭಾರವಾಗಬಾರದಿತ್ತು. ಆದರೂ ಭಯ. ಒಂದು ಪದ ಓದುವುದು, ಸರಿಯೋ ತಪ್ಪೋ ಎಂದು ಎದುರಿನವರ ಮುಖ ನೋಡುವುದು, ಅಲ್ಲೇ ನಿಂತುಬಿಡುವುದು. ನಾನೂ ಎರಡು ದಿನ ಕುಳಿತಿದ್ದೆ. ಮುಖ ನೋಡಿದ್ದೇ ಹೆಚ್ಚು, ಓದಿದ್ದು ಕಡಿಮೆ. ಅದಕ್ಕೇ ರಾಜೇಶ್ವರಿ ಒಂದು ಕಟ್ಟಳೆ ಮಾಡಿದ್ದಳು. ಓದುವವಳು ಕಟ್ಟೆಯ ಕೆಳಗೆ ಎಲ್ಲರ ಎದುರು ನಿಲ್ಲಬೇಕು. ಅವಳು ಒಂದು ಸಾಲು ಓದಿದರೆ ಮಿಕ್ಕವರು ಅದನ್ನೇ ಒಟ್ಟಿಗೆ ಹೇಳಬೇಕು.

"ತಪ್ಪಾದ್ರೂ ಆಗ್ಲಿ, ನಮ್ ಮೊಖ ನೋಡ್ಬೇಡ್ರಮ್ಮ. ನಾನು ಸಾಕು ಅನ್ನೋಗಂಟ ಕಣ್ಣು ಪುಸ್ತಕದ ಮ್ಯಾಲೇ ಇರ್ಬೇಕು."

ಆ ದಿನ ಕಾರ್ಖಾನೆಯಲ್ಲಿ ಮಂಜುಳಾಳಿಗೆ ಲೈನ್ ಲೀಡರ್ ಕೆಲಸದ ಪರೀಕ್ಷೆಯಿತ್ತು, ಇಂಗ್ಲಿಷಿನಲ್ಲಿ ಒಂದು ಪುಟ ಓದಿ ತೋರಿಸಬೇಕಿತ್ತು. ಹಾಗಾಗಿ ಅವಳದೇ ಸರದಿ. ಕಟ್ಟೆಗೆ ಮುಖ, ಕಣಕ್ಕೆ ಬೆನ್ನು ಮಾಡಿ ನಿಂತು ಲಿಫ್ಟಿನ ಪಾಠ ತೆಗೆದಳು.

ಮೆದೆಯ ಹಿಂದಿನಿಂದ ಬಂದದ್ದನ್ನು ನಮ್ಮ ಕಡೆ ಹೆಸರು ಹಿಡಿದು ಕರೆಯುವುದಿಲ್ಲ. ದೊಡ್ಡೋರು ಎನ್ನುತ್ತೇವೆ. ರಾತ್ರಿ ರಾಗಿಗೆ ಬಂದವರು ಹೊತ್ತು ಹುಟ್ಟುವ ಮುಂಚೆ ಕಾಡಿಗೆ ಮರಳುತ್ತಾರೆ. ಇವರೊಬ್ಬರೇ ಹಿಂದೆ ಉಳಿದಿದ್ದರು. ಎಡಗಿವಿಯ ಅಂಚು ಹರಿದಿತ್ತು. ಮೆದೆಯಿಂದ ಸೊಂಡಿಲಲ್ಲಿ ಒಂದು ಹಿಡಿ ಹುಲ್ಲು ಹಿರಿದು, ಕಾಲಿಗೆ ಬಡಿದು ಮಣ್ಣು ಉದುರಿಸಿ ಬಾಯಿಗಿಟ್ಟುಕೊಂಡರು. ಅವರಿಗೂ ನನ್ನ ತಂಗಿಯ ಬೆನ್ನಿಗೂ ನಡುವೆ ಒಂದು ಎತ್ತಿನಗಾಡಿ ನಿಲ್ಲುವಷ್ಟು ಜಾಗವಿತ್ತು, ಹೆಚ್ಚಿಲ್ಲ.

ಇಲ್ಲಿ ಹುಟ್ಟಿದವರಿಗೆ ಹೇಳಿಕೊಡಬೇಕಿಲ್ಲ. ಕೂಗಿದರೆ ತಿರುಗುತ್ತಾರೆ. ಓಡಿದರೆ ಓಡಿದವರ ಹಿಂದೆ ಬರುತ್ತಾರೆ. ಸುಮ್ಮನಿದ್ದರೆ ತಿಂದು ಹೋಗುತ್ತಾರೆ. ಕಟ್ಟೆಯ ಮೇಲಿದ್ದವರೆಲ್ಲ ನೋಡಿದರು. ಅವರ ದನಿ ಒಂದು ಕ್ಷಣ ತಗ್ಗಿತು. ಅದು ನಿಂತಿದ್ದರೆ ಮಂಜುಳಾ ತಲೆ ಎತ್ತುತ್ತಿದ್ದಳು, ಎಲ್ಲರ ಮುಖ ನೋಡುತ್ತಿದ್ದಳು, ತಿರುಗುತ್ತಿದ್ದಳು. ರಾಜೇಶ್ವರಿ ನಿಲ್ಲಲು ಬಿಡಲಿಲ್ಲ. ಎಂದಿನ ದನಿಯಲ್ಲೇ, ಸ್ವಲ್ಪವೂ ಏರಿಸದೆ, ತಾನೇ ಮುಂದಾಗಿ ಹೇಳಿದಳು: "ದ ಲಿಫ್ಟ್ ಈಸ್ ಕಮಿಂಗ್ ಡೌನ್." ಮಿಕ್ಕವರ ದನಿ ಅವಳ ಹಿಂದೆ ಬಂತು. ಮಂಜುಳಾ ಮುಂದಿನ ಸಾಲು ಓದಿದಳು: "ಶಿ ಈಸ್ ನಾಟ್ ಇನ್ ಎ ಹರಿ." ಎಲ್ಲರೂ ಅದನ್ನೂ ಹೇಳಿದರು. ಅವಳಿಗೆ ಅವಸರವಿಲ್ಲ ಎಂದು, ಬೆವರುತ್ತಾ.

ಪಾಠ ಚಿಕ್ಕದು. ಬೇಗ ಮುಗಿಯಿತು.

"ಇನ್ನೊಂದ್ಸಲ, ಮೊದ್ಲಿಂದ," ಎಂದಳು ರಾಜೇಶ್ವರಿ. "ಕಣ್ಣು ಪುಸ್ತಕದ ಮ್ಯಾಲೆ."

ರೀಟಾ ಮತ್ತೆ ಲಿಫ್ಟಿಗೆ ಕಾಯತೊಡಗಿದಳು.

ಆಗ ನನಗೆ ಬಸ್ಸಿನ ನೆನಪಾಯಿತು. ಡ್ರೈವರ್ ಸೆಲ್ವಂ ದಿನವೂ ಹುಣಸೆಮರದ ತಿರುವಿನಲ್ಲೇ ಉದ್ದಕ್ಕೆ ಹಾರ್ನ್ ಹೊಡೆಯುತ್ತಾ ಬರುತ್ತಿದ್ದ, ಊರೆಲ್ಲ ಏಳಲಿ ಎನ್ನುವ ಹಾಗೆ. ನಾನು ಹೋಗಿ ತಡೆಯಬೇಕಿತ್ತು, ಹೋಗಲಿಲ್ಲ. ಅಷ್ಟರಲ್ಲಿ ಕಟ್ಟೆಯ ಮೂಲೆಯಿಂದ ಮುನಿಯಪ್ಪ ಮಾವ ಎದ್ದ. ಹೊಲಕ್ಕೆ ಹೊರಟವನ ನಡಿಗೆಯಲ್ಲೇ ಡೇರಿ ದಾಟಿ ತಿರುವಿನ ಕಡೆ ಹೊರಟ. ನನ್ನ ಪಕ್ಕ ಹಾಯುವಾಗ ತುಟಿ ಆಡಿಸದೆ ಅಂದ:

"ಕ್ಯಾನು ಕೆಳಗಿಕ್ಬ್ಯಾಡ ಕಣ್ಲಾ. ಸದ್ದಾಯ್ತದೆ."

ಕೆಳಗಿಡಲಿಲ್ಲ. ಭುಜ ಉರಿಯುತ್ತಿತ್ತು. ನನಗೆ ಗೊತ್ತಿಲ್ಲದೆಯೇ ನಾನೂ ಕಟ್ಟೆಯವರ ಜೊತೆ ರೀಟಾಳ ಸಾಲು ಹೇಳುತ್ತಿದ್ದೆ. ಒಮ್ಮೆ ಕಣದ ಕಡೆ ನೋಡಿದೆ. ಅವರು ಒಂದು ಹೆಜ್ಜೆ ಮುಂದಿಟ್ಟಿದ್ದರು. ಸೊಂಡಿಲು ನೆಲ ಸವರುತ್ತಾ ಮಂಜುಳಾಳ ಚಪ್ಪಲಿಯ ಹತ್ತಿರದವರೆಗೂ ಬಂದು, ಅಲ್ಲಿ ಬಿದ್ದಿದ್ದ ರಾಗಿ ತೆನೆಯೊಂದನ್ನು ಎತ್ತಿಕೊಂಡು ಹೋಯಿತು. ಮಂಜುಳಾಳ ದನಿ ಅಲ್ಲಿ ನಡುಗಲಿಲ್ಲ. ಇದನ್ನು ನಾನು ಖಂಡಿತವಾಗಿ ಹೇಳಬಲ್ಲೆ.

ತಿರುವಿನಲ್ಲಿ ಬಸ್ಸಿನ ಮೂತಿ ಕಂಡಿತು. ಮಾವ ರಸ್ತೆಯ ನಡುವೆ ನಿಂತು ಹೆಗಲ ಮೇಲಿನ ಕೆಂಪು ಟವೆಲನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದಿದ್ದ. ಬಸ್ಸು ನಿಂತಿತು. ಇಂಜಿನ್ನಿನ ಸದ್ದೂ ನಿಂತಿತು. ಹಾರ್ನ್ ಬರಲಿಲ್ಲ.

ರೀಟಾ ಎಷ್ಟು ಸಲ ಲಿಫ್ಟಿಗೆ ಕಾದಳೋ ನಾನು ಎಣಿಸಿಲ್ಲ. ಕೊನೆಗೆ ದೊಡ್ಡೋರು ಮೆದೆಯ ಒಂದು ಮಗ್ಗುಲು ಕೆಡವಿ, ಹಲಸಿನ ಮರದ ಹಿಂದೆ ಇಳಿದು, ಕೆರೆ ಏರಿಯ ಆಚೆ ಮರೆಯಾದರು. ಆಮೇಲೂ ಎರಡು ಸಾಲು ಓದಿಸಿಯೇ ರಾಜೇಶ್ವರಿ ಅಂದಳು: "ಸಾಕು ಕಣಮ್ಮ." ಅಂದವಳೇ ಮುಖ ಮುಚ್ಚಿಕೊಂಡು ಅತ್ತಳು.

ಮಂಜುಳಾ ಪುಸ್ತಕ ಮುಚ್ಚಿದಳು. ಆಗಲೂ ಹಿಂದಕ್ಕೆ ತಿರುಗಲಿಲ್ಲ.

"ಹೋದ್ರಾ ಅಕ್ಕ?" ಎಂದಳು.

ರಾಜೇಶ್ವರಿ ಮುಖದಿಂದ ಕೈ ತೆಗೆದಳು.

"ನಿಂಗೊತ್ತಿತ್ತೇನೇ?"

"ಎರಡ್ನೇ ಸಾಲ್ಗೇ ಪುಸ್ತಕದ ಮ್ಯಾಲೆ ನೆರಳು ಬಿತ್ತು. ಮರ ಅಂದ್ಕೊಂಡೆ. ಮರ ಕಿವಿ ಆಡ್ಸಾಕಿಲ್ವಲ್ಲ ಅಕ್ಕ." ಆಮೇಲೆ ತಡೆದು ಅಂದಳು: "ನೀವು ಹೇಳೋದು ನಿಲ್ಲಿಸ್ಬುಟ್ಟಿದ್ರೆ ಓಡ್ಬುಡ್ತಿದ್ದೆ. ನೀವು ನಿಲ್ಲಿಸ್ನಿಲ್ಲ."

ನಾವು ಅವಳನ್ನು ಕಾಯುತ್ತಿದ್ದೇವೆ ಎಂದುಕೊಂಡಿದ್ದೆವು. ಅವಳಿಗೆ ಗೊತ್ತಾಗದ ಹಾಗೆ ಕಾಯುತ್ತಿದ್ದೇವೆ ಎಂದೂ ಅಂದುಕೊಂಡಿದ್ದೆವು.

ಜಗಲಿಯಲ್ಲಿ ಮಗಳು ಒಂದು ಪದ ಓದಿ ನನ್ನ ಮುಖ ನೋಡಿದಳು. "ಸರೀನಾ ಅಪ್ಪ?" ನಿನ್ನೆಯಾಗಿದ್ದರೆ, ಮೊದಲು ಓದು, ಆಮೇಲೆ ಕೇಳು ಎಂದು ಗದರುತ್ತಿದ್ದೆ. ಇವತ್ತು ಅವಳ ಪಕ್ಕ ಹೋಗಿ ಕುಳಿತೆ. "ನೀನು ಓದಮ್ಮ, ನಾನೂ ಜೊತೇಲಿ ಹೇಳ್ತೀನಿ," ಎಂದೆ. ನನ್ನ ಇಂಗ್ಲಿಷ್ ಕೇಳಿ ಅವಳು ನಕ್ಕಳು. ಆದರೆ ಮುಂದಿನ ಸಾಲಿಗೆ ತಲೆ ಎತ್ತಲಿಲ್ಲ.

ನಾನು ಹೇಳಿದ್ದರಲ್ಲಿ ಅನುಮಾನವಿದ್ದರೆ ಕೇಳಲು ಜನರಿದ್ದಾರೆ. ಮುನಿಯಪ್ಪ ಮಾವ ಇಲ್ಲ; ವಯಸ್ಸಾಗಿತ್ತು, ತನ್ನ ಹಾಸಿಗೆಯಲ್ಲೇ ಹೋದ. ರಾಜೇಶ್ವರಿ ಇದ್ದಾಳೆ. ಆ ಪರೀಕ್ಷೆಯನ್ನು ಮಾರನೆಯ ದಿನ ಮುಗಿಸಿ ಲೈನ್ ಲೀಡರ್ ಆದ ಮಂಜುಳಾ ಇದ್ದಾಳೆ. ಸೆಲ್ವಂ ಈಗ ಸೂಳಗಿರಿ ಕಡೆ ಬಸ್ಸು ಓಡಿಸುತ್ತಾನೆ. ಎಂದಾದರೂ ಈ ದಾರಿಯಲ್ಲಿ ಬಂದರೆ ಹುಣಸೆಮರದ ತಿರುವಿನಲ್ಲಿ ಹಾರ್ನ್ ಮುಟ್ಟುವುದಿಲ್ಲ. ಇನ್ನೊಬ್ಬರಿದ್ದಾರೆ, ಎಡಗಿವಿಯ ಅಂಚು ಹರಿದವರು. ಹೋದ ವಾರ ಕೆರೆ ಏರಿಯ ಮೇಲೆ ಕಂಡರಂತೆ. ಈ ವರ್ಷದ ರಾಗಿಯನ್ನು ನಾವು ಇನ್ನೂ ಕುಯ್ದಿಲ್ಲ.