ಫುಸಾಯೆ ಅಜ್ಜಿಯ ತಪಾಸಣೆ

ಓದಲೆಂದು ಜಪಾನಿನ ಮತ್ಸುಯಾಮಾಕ್ಕೆ ಬಂದ ಮರುದಿನ ನಾನು ಕೋಟೆ ನೋಡಲು ಹೊರಟಿದ್ದೆ. ಓಣಿಯಲ್ಲಿ ಕಸವಿಡುವ ಜಾಗದ ಬಳಿ ಎದುರುಮನೆ ಮಹಡಿಯ ಫುಸಾಯೆ ಅಜ್ಜಿ ನಾನಿಟ್ಟ ಕಸದ ಚೀಲ ಎತ್ತಿ ಹಿಡಿದು, "ಕೋಟೆ ಎಲ್ಲೂ ಓಡಿಹೋಗಲ್ಲ ಕಣಮ್ಮ, ಮೊದಲು ಈ ಬಾಟಲಿ ಯಾರದು ಹೇಳು" ಎಂದು ತಡೆದರು. ಅಲ್ಲಿ ಒಂದೊಂದು ಬಗೆಯ ಕಸಕ್ಕೆ ಒಂದೊಂದು ದಿನ; ಸುಡುವ ಕಸದ ದಿನ ಬಾಟಲಿ ಹಾಕಿದವರು ಅವರ ಕಣ್ಣಿಗೆ ಕಳ್ಳರಿಗೆ ಸಮ. ಪ್ರತಿ ಚೀಲವನ್ನೂ ಮೂಸಿ, ಅಲುಗಿಸಿ, ಬೆಳಕಿಗೆ ಹಿಡಿದು ನೋಡುವರು. ತಪ್ಪಿದ್ದರೆ ಅದು ನಮ್ಮ ಬಾಗಿಲಿಗೇ ವಾಪಸ್. ಆ ಚಳಿಗಾಲ ನಾನು ಜ್ವರದಿಂದ ಏಳಲಾರದೆ ಒಂಟಿಯಾಗಿ ಮಲಗಿದ್ದಾಗ ಬಾಗಿಲು ದಬದಬನೆ ಬಡಿದ ಸದ್ದಾಯಿತು. ತೆವಳಿ ಹೋಗಿ ತೆರೆದೆ. "ಎರಡು ಸಲದಿಂದ ನಿನ್ನ ಚೀಲವೇ ಬಂದಿಲ್ಲ. ಒಳಗೇನು ಬಚ್ಚಿಟ್ಟಿದ್ದೀಯೆ?" ಎಂದು ಗದರಿದ ಅಜ್ಜಿಯ ಕೈಯಲ್ಲಿ ಬಿಸಿ ಗಂಜಿಯ ಪಾತ್ರೆಯಿತ್ತು. ಈಗ ಅವರಿಗೆ ಮೆಟ್ಟಿಲಿಳಿಯಲಾಗದು, ಕಿಟಕಿಯಲ್ಲೇ ಕುಳಿತಿರುತ್ತಾರೆ. ನಾನು ಚೀಲ ಎತ್ತಿ ತೋರಿಸಿದರೆ, ಹಿಂಬದಿಯನ್ನೂ ತೋರಿಸೆಂದು ಬೆರಳಾಡಿಸುತ್ತಾರೆ.