ಐದಕ್ಕೆ ಐದೂ ಸಾಂತಾಣಿ

ಹಲಸಿನ ಬೀಜವನ್ನು ಉಪ್ಪುನೀರಲ್ಲಿ ಬೇಯಿಸಿ, ಬಿಸಿಲಲ್ಲಿ ಒಣಗಿಸಿ, ಮನುಷ್ಯಮಾತ್ರರು ತಿನ್ನಲಾಗದ ಸ್ಥಿತಿಗೆ ತಂದರೆ ಅದಕ್ಕೆ ನಮ್ಮಲ್ಲಿ ಸಾಂತಾಣಿ ಎನ್ನುತ್ತಾರೆ. ನನ್ನ ಮಾವ ಈ ವಿದ್ಯೆಯಲ್ಲಿ ಪಾರಂಗತರು. ಅವರ ಸಾಂತಾಣಿಯನ್ನು ಮಳೆಗಾಲದ ಮಧ್ಯಾಹ್ನ ಬಾಯಿಗೆ ಹಾಕಿಕೊಂಡರೆ ಸಂಜೆ ಚಹಾದ ಹೊತ್ತಿಗೆ ಸ್ವಲ್ಪ ಮೆತ್ತಗಾಗುತ್ತದೆ. ಈ ವಯಸ್ಸಲ್ಲೂ ಮಾವನ ಹಲ್ಲುಗಳೆಲ್ಲ ಸ್ವಂತದ್ದು. ಅತ್ತೆಯದ್ದು ಕಟ್ಟಿಸಿದ ಹಲ್ಲಿನ ಪೂರಾ ಸೆಟ್ಟು. ಇದಕ್ಕೆ ಸಾಂತಾಣಿಯೇ ಕಾರಣ ಎಂದು ಅತ್ತೆ, ಸಾಂತಾಣಿ ತಿನ್ನದೆ ಇದ್ದದ್ದೇ ಕಾರಣ ಎಂದು ಮಾವ, ನಾನು ಮದುವೆಯಾಗಿ ಬಂದಾಗಿನಿಂದಲೂ ವಾದಿಸುತ್ತಿದ್ದಾರೆ.

ಸುಳ್ಯದ ಕಡೆಯ ಸವಣೂರಿನ ಮಾರ್ಗದ ಬದಿಯ ನಮ್ಮ ಮನೆಯ ಒಂದು ಕೋಣೆಯಲ್ಲಿ ನನ್ನ ಆನ್‌ಲೈನ್ ಅಂಗಡಿ. ಹಪ್ಪಳ, ಬಾಳೆಕಾಯಿ ಚಿಪ್ಸು, ಪುನರ್ಪುಳಿ ಶರಬತ್ತು, ಗಾಂಧಾರಿ ಮೆಣಸು, ಅತ್ತೆಯ ಮಿಡಿ ಉಪ್ಪಿನಕಾಯಿ. ಮೊದಲು ನಾನು ಐದು ಐಟಮಿನ ಒಂದೇ ಕಾಂಬೊ ಪೆಟ್ಟಿಗೆ ಮಾಡಿದ್ದೆ. ಐದನೆಯದ್ದು ಮಾವನ ಸಾಂತಾಣಿ, ಬಿಟ್ಟರೆ ಮಾವ ಬಿಡುವವರಲ್ಲ. ದೂರದ ಊರಿನ ಗಿರಾಕಿಯೊಬ್ಬರು ಬರೆದರು: "ಎಲ್ಲ ಚೆನ್ನಾಗಿದೆ. ಒಂದು ಪ್ಯಾಕೆಟ್ಟಲ್ಲಿ ಮಾತ್ರ ತಪ್ಪಿ ಕಲ್ಲು ಬಂದಿದೆ, ಬದಲಿಸಿ ಕೊಡಿ."

ಹಾಗೆ ಶುರುವಾದದ್ದು ಗಿರಾಕಿಯೇ ಆರಿಸಿಕೊಳ್ಳುವ ಕಾಂಬೊ. ಹತ್ತು ಐಟಮ್ ತೋರಿಸುವುದು, ಬೇಕಾದ ಐದನ್ನು ಅವರೇ ಪೆಟ್ಟಿಗೆಗೆ ಹಾಕಿಕೊಳ್ಳುವುದು. ಹೇಳಲಿಕ್ಕೆ ಸುಲಭ. ಕಲಿಸುವ ವಿಡಿಯೋದಲ್ಲಿ ಒಬ್ಬ ಪುಣ್ಯಾತ್ಮ ನಗುನಗುತ್ತಾ ನಾಲ್ಕು ಕಡೆ ಒತ್ತಿದ, ಮುಗಿಯಿತು. ನಾನು ವಾರವಿಡೀ ಒತ್ತಿದೆ. "ಐದು ಆರಿಸಲೇಬೇಕು" ಎಂಬ ನಿಯಮ ಹಾಕಲು ಮರೆತಿದ್ದೆ, ಒಬ್ಬರು ಏನೂ ಆರಿಸದೆ ಬರೀ ಪೆಟ್ಟಿಗೆಯನ್ನು ಆರ್ಡರ್ ಮಾಡಿಬಿಟ್ಟರು. ನಾನು ಫೋನ್ ಮಾಡಿ ಸರಿಮಾಡುವಷ್ಟರಲ್ಲಿ ಮಾವ ಅದಕ್ಕೆ ಕಂಠಮಟ್ಟ ಸಾಂತಾಣಿ ತುಂಬಿಸಿ ಟೇಪು ಅಂಟಿಸುತ್ತಿದ್ದರು.

"ಖಾಲಿ ಪೆಟ್ಟಿಗೆ ಕಳಿಸ್ತಾರಾ ಯಾರಾದ್ರೂ? ಎಂತ ಕ್ರಮ ಅದು?" ಎಂದು ನನಗೇ ಬೈದರು.

ನಿಯಮ ಸರಿಯಾದ ಮೇಲೆ ಆರ್ಡರುಗಳು ಒಳ್ಳೆಯದಾಗಿ ಬರತೊಡಗಿದವು. ಸಾಂತಾಣಿಯನ್ನು ಮಾತ್ರ ಒಂದು ನರಪಿಳ್ಳೆಯೂ ಮುಟ್ಟಲಿಲ್ಲ. ನನ್ನ ಮೊಬೈಲು ಟಣ್ ಎಂದರೆ ಸಾಕು, ಜಗಲಿಯಿಂದ ಮಾವನ ಸ್ವರ: "ನನ್ನದು ಹೋಯಿತಾ?"

"ಇಲ್ಲ ಮಾವ."

ಸಾಂತಾಣಿಯನ್ನು ಎಲ್ಲಕ್ಕಿಂತ ಮೇಲೆ ಇಟ್ಟೆ. ಚಂದದ ಫೋಟೋ ತೆಗೆದು ಹಾಕಿದೆ. ಕಡೆಗೆ, ಗಿರಾಕಿ ಪುಟ ತೆರೆಯುವ ಮೊದಲೇ ಪೆಟ್ಟಿಗೆಯಲ್ಲಿ ಸಾಂತಾಣಿ ಕೂತಿರುವ ಹಾಗೆ ಮಾಡಿದೆ. ಜನ ಕೆಲಸ ಬಿಟ್ಟು ಮೆನಕೆಟ್ಟು ಅದನ್ನು ತೆಗೆದು ಹೊರಗೆ ಹಾಕಿ, ಆ ಜಾಗಕ್ಕೆ ಚಿಪ್ಸು ತುಂಬಿಸಿದರು. ಇದನ್ನು ಮಾವನಿಗೆ ಹೇಳಲಿಕ್ಕೆ ನನಗೆ ಬಾಯಿ ಬರಲಿಲ್ಲ.

ಅವರೇ ದಾರಿ ಕಂಡುಕೊಂಡರು. ಪ್ಯಾಕಿಂಗ್ ಅವರ ಇಲಾಖೆ. ಅಳೆದದ್ದರ ಮೇಲೆ ಒಂದಿಷ್ಟು ಕೊಸರು ಹಾಕದೆ ಕೊಟ್ಟರೆ ಕೈಗೆ ಏಳಿಗೆಯಿಲ್ಲ ಎಂದು ನಂಬಿದ ಜೀವ. ಹಾಗಾಗಿ ಯಾರು ಏನೇ ಆರಿಸಲಿ, ಪೆಟ್ಟಿಗೆ ಮುಚ್ಚುವ ಮೊದಲು ಒಂದು ಮುಷ್ಟಿ ಸಾಂತಾಣಿ. ನನಗಿದು ಗೊತ್ತಾದದ್ದು ಒಂದೇ ಒಂದು ಸ್ಟಾರಿನ ವಿಮರ್ಶೆ ಬಂದಾಗ. ಜೊತೆಗೆ ಫೋಟೋ, ಅಂಗೈಯಲ್ಲಿ ಒಂದು ಹಲ್ಲಿನ ಕ್ಯಾಪು. ಆ ಗಿರಾಕಿ ಹಿಂದೊಮ್ಮೆ ಕೊಸರು ತಿಂದು ನೊಂದವರು, ಈ ಸಲ ಆರ್ಡರಿನಲ್ಲೇ "ದಯವಿಟ್ಟು ಬೀಜ ಬೇಡ" ಎಂದು ಬರೆದಿದ್ದರು. ಅವರಿಗೆ ಹೋದದ್ದು ಎರಡು ಮುಷ್ಟಿ.

"ಬೇಡ ಅಂತ ಬರೆದದ್ದು ಕಾಣುದಿಲ್ವಾ ಮಾವ ನಿಮಗೆ?"

"ಕಾಣ್ತದೆ. ಅದಕ್ಕೇ ಹಾಕಿದ್ದು. ಮರ್ಯಾದಿ ಇರುವವರು ಬೇಡ ಹೇಳಿಯೇ ಹೇಳ್ತಾರೆ. ಮದುವೆ ಊಟದಲ್ಲಿ ನೀನು ಹೋಳಿಗೆ ಬೇಡ ಹೇಳ್ತಿ, ಬಡಿಸದೆ ಬಿಟ್ಟಿದ್ದಾರಾ ಯಾರಾದ್ರೂ?"

"ಅದು ಹಂತಿಯಲ್ಲಿ ಕೂತು ಉಣ್ಣುವ ಊಟ, ಇದು ವ್ಯಾಪಾರ! ಬೇಡ ಅಂದ್ರೆ ಬೇಡವೇ! ನಿಮ್ಮ ಆ ಕಲ್ಲು ಯಾರಿಗೂ ಬೇಡ ಮಾವ, ಯಾರಿಗೂ!"

ಹೇಳಿಯಾಯಿತು. ಈಗಲೂ ಮಾತು ನನ್ನದೇ ಸರಿ. ಆದರೆ ಮಾವ ಕೈಯಲ್ಲಿದ್ದ ಟೇಪನ್ನು ಮೇಜಿನ ಮೇಲಿಟ್ಟು ಜಗಲಿಗೆ ಹೋದರು. ಬೈದಿದ್ದರೆ ಎಷ್ಟೋ ಒಳ್ಳೆಯದಿತ್ತು.

ಮರುದಿನ ಅವರು ಪ್ಯಾಕಿಂಗಿಗೆ ಬರಲಿಲ್ಲ. ಮೊಬೈಲು ಟಣ್ ಎಂದಿತು, ಜಗಲಿಯಿಂದ ಸದ್ದಿಲ್ಲ. ಬೇಯಿಸಲಿಕ್ಕೆಂದು ಹೆಕ್ಕಿಟ್ಟಿದ್ದ ಬೀಜದ ಬುಟ್ಟಿಯನ್ನು ತೋರಿಸಿ, "ಅದನ್ನು ದನಕ್ಕೆ ಹಾಕಿ. ಇನ್ನು ಮೇಲೆ ಸಾಂತಾಣಿ ಬೇಡ" ಎಂದರು.

ಅತ್ತೆಗೆ ಇದು ಹಬ್ಬವಾಗಬೇಕಿತ್ತು. ಮಾವನನ್ನು ಹಲ್ಲಿನ ಡಾಕ್ಟ್ರ ಏಜೆಂಟು ಎಂದು ಇಡೀ ನೆಂಟರಿಷ್ಟರ ಎದುರು ಕರೆಯುತ್ತಿದ್ದವರು ಅವರೇ. ಆದರೆ ಮಧ್ಯಾಹ್ನ ನನ್ನ ಕೋಣೆಗೆ ಬಂದು ಬಾಗಿಲು ಮುಂದೆ ಮಾಡಿದರು.

"ಆ ಜನ, ನಿನ್ನ ಮಾವ, ನಿನ್ನೆಯಿಂದ ಸರಿ ಉಣ್ಣಲಿಲ್ಲ ಮಾರಾಯ್ತಿ. ನನಗೆ ನೋಡ್ಲಿಕ್ಕೆ ಆಗುದಿಲ್ಲ. ನೀನೊಂದು ಕೆಲಸ ಮಾಡು, ಒಂದು ಪೆಟ್ಟಿಗೆ ಆರ್ಡರ್ ಹಾಕು. ಸುಳ್ಯದ ನನ್ನ ತಂಗಿಯ ಮನೆಗೆ. ಐದಕ್ಕೆ ಐದೂ ಸಾಂತಾಣಿ."

"ಚಿಕ್ಕಮ್ಮ ತಿಂತಾರಾ?"

"ಅವಳಿಗೆಂತ ಹುಚ್ಚಾ, ಮರ್ಲಾ? ತಿನ್ನುದು ಯಾರು ಅಂತ ಪೆಟ್ಟಿಗೆಗೆ ಗೊತ್ತುಂಟಾ? ಹಾಕು ನೀನು."

ಹಾಕಲು ಹೋದರೆ ಕಾಂಬೊಗೆಂದು ಅಂಗಡಿಯ ಪುಟಕ್ಕೆ ಜೋಡಿಸಿದ್ದ ಪ್ಲಗಿನ್ನಿನ ಹಟ: ಒಂದು ಐಟಮನ್ನು ಒಂದೇ ಸಲ ಆರಿಸಬಹುದು. ಒಂದೇ ತಿಂಡಿಯನ್ನು ಐದು ಸಲ ಆರಿಸುವ ಪ್ರಾಣಿಯೊಂದು ಭೂಮಿಯ ಮೇಲಿರಬಹುದು ಎಂದು ಅದನ್ನು ಮಾಡಿದವರಿಗೆ ಹೊಳೆದೇ ಇರಲಿಲ್ಲ. ಸೆಟ್ಟಿಂಗ್ ಹುಡುಕಿ ಬದಲಾಯಿಸಿದೆ. ಸುಳ್ಯದ ವಿಳಾಸ ತುಂಬಿಸಿದೆ. ಫೋನ್ ನಂಬರ್ ಕೇಳಿದಾಗ ಅತ್ತೆ ತಮ್ಮದನ್ನೇ ಹೇಳಿದರು, ನಾನೂ ಏನೂ ಯೋಚಿಸದೆ ಒತ್ತಿದೆ. ಟಣ್ ಎಂದಿತು.

"ಮಾವ!" ಎಂದು ಕೂಗಿದೆ. "ನಿಮ್ಮದು ಹೋಯಿತು! ಐದಕ್ಕೆ ಐದೂ!"

ಸ್ವಲ್ಪ ಹೊತ್ತಿಗೆ ಮಾವ ಬಾಗಿಲಲ್ಲಿ ನಿಂತಿದ್ದರು. ಸುಳ್ಳು ಹೇಳುತ್ತಿದ್ದೇನೆಯೋ ಎಂಬ ಹಾಗೆ ನನ್ನ ಮುಖ ನೋಡಿದರು. ಕನ್ನಡಕ ಹಾಕಿಕೊಂಡು, ಪೆಟ್ಟಿಗೆಗೆ ಅಂಟಿಸುವ ವಿಳಾಸದ ಚೀಟಿಯನ್ನು ಕೈಗೆ ತೆಗೆದುಕೊಂಡು ಓದಿದರು. ಚೀಟಿಯಲ್ಲಿ ಫೋನ್ ನಂಬರೂ ಇರುತ್ತದೆ ಎಂದು ನನಗೆ ಹೊಳೆದದ್ದು ಆಗ. ಮಾವನಿಗೆ ತಮ್ಮ ನಂಬರೇ ನೆನಪಿರುವುದಿಲ್ಲ, ಯಾರಾದರೂ ಕೇಳಿದರೆ ಮೊಬೈಲನ್ನೇ ಅವರ ಕೈಗೆ ಕೊಡುತ್ತಾರೆ. ಅವರಿಗೆ ಬಾಯಿಪಾಠ ಬರುವ ನಂಬರ್ ಲೋಕದಲ್ಲಿ ಒಂದೇ, ಅತ್ತೆಯದ್ದು.

ಮಾವ ಚೀಟಿಯನ್ನು ಮಡಚಿ ಅಂಗಿಯ ಕಿಸೆಗೆ ಹಾಕಿಕೊಂಡರು. ನಾಲ್ಕು ಪ್ಯಾಕೆಟ್ ತುಂಬಿಸಿದರು. ಐದನೆಯ ಪಾಲನ್ನು ಬೋಗುಣಿಯಲ್ಲಿ ಹಿಡಿದುಕೊಂಡು ಹಿತ್ತಿಲಿಗೆ ನಡೆದರು. ಆಮೇಲೆ ಒರಳಿನಿಂದ ಕುಟ್ಟುವ ಸದ್ದು, ನಿಂತು, ಮತ್ತೆ ಶುರುವಾಗಿ, ಬಹಳ ಹೊತ್ತು. ಬೆವರು ಒರೆಸುತ್ತಾ ಬಂದು ಐದನೆಯ ಪ್ಯಾಕೆಟ್ಟನ್ನು ಪೆಟ್ಟಿಗೆಯಲ್ಲಿ ಎಲ್ಲಕ್ಕಿಂತ ಮೇಲಿಟ್ಟರು. ಒಳಗೆ ಹಿಟ್ಟಿನ ಹಾಗೆ ನುಣ್ಣಗಿನ ಪುಡಿ.

"ಇದೆಂತ ಮಾವ, ಪುಡಿ ಮಾಡಿದ್ದು?"

"ಮತ್ತೆಂತ ಮಾಡುದು?" ಎಂದರು ಮಾವ, ಅಡುಗೆಮನೆಗೆ ಕೇಳುವಷ್ಟು ಜೋರಾಗಿ. "ಈ ಗಿರಾಕಿಗೆ ಹಲ್ಲಿಲ್ಲ."

ಒಳಗೆ ಅತ್ತೆ ಪಾತ್ರೆ ತೊಳೆಯುವ ಸದ್ದು ತಟ್ಟನೆ ನಿಂತಿತು. ಮಾವ ಆ ಪ್ಯಾಕೆಟ್ಟಿಗೆ ಒಂದು ಮುಷ್ಟಿ ಕೊಸರು ಹಾಕಿದರು, ಅದೂ ಪುಡಿಯದ್ದೇ.