ಪ್ಯಾರಿಸಿಗೆ ಬೇಡವಾದ ಅಜ್ಜ

ಮೊನ್ನೆ ಮಂಗಳೂರಿನ ಅಂಗಡಿಯೊಂದರಲ್ಲಿ ಒಣಗಿದ ಕೆಂಪು ಹೂವಿನ ಚಹಾದ ಪೊಟ್ಟಣ ಕಂಡೆ. ಮೂಗಿಗೆ ಹಿಡಿದದ್ದೇ ತಡ, ದೋಹಾದ ಬಿನ್ ಮಹಮೂದ್ ಬಡಾವಣೆಯ ನಮ್ಮ ಹಳೆಯ ಫ್ಲ್ಯಾಟು, ಎದುರು ಮನೆಯ ಚಾಡ್ ದೇಶದ ಅಜ್ಜ... ಜೊತೆಗೆ ಆ ಹಳೆಯ ಸಿಟ್ಟೂ ಬಂತು.

ಅಜ್ಜನ ಮಗ ಅಲ್ಲಿ ನಮ್ಮ ಕಂಪೆನಿಯ ಡ್ರೈವರ್. ಸಂಜೆ ಮೆಟ್ಟಿಲ ಮೇಲೆ ಕೂತು ಅದೇ ಕೆಂಪು ಚಹಾ ಕುಡಿಯುತ್ತ ಅಜ್ಜ ಎರಡನೆಯ ಮಹಾಯುದ್ಧದ ಕತೆ ಹೇಳುತ್ತಿದ್ದರು. ಫ್ರೆಂಚರ ಸಿಪಾಯಿಯಾಗಿ ಚಾಡಿನಿಂದ ಹೊರಟದ್ದು, ಲಿಬಿಯದ ಮರಳು ದಾಟಿದ್ದು, ಇಟಲಿಯವರ ಕೋಟೆ ಹಿಡಿದದ್ದು... ಆ ಪಡೆಯೇ ಮುಂದೆ ಟ್ಯಾಂಕ್ ಡಿವಿಜನ್ ಆಗಿ ಪ್ಯಾರಿಸನ್ನು ಜರ್ಮನರಿಂದ ಬಿಡಿಸಿತಂತೆ. ಮಗ ನಂಬುತ್ತಿರಲಿಲ್ಲ. ಅಪ್ಪ ಎಲ್ಲೋ ಒಂಟೆ ಮೇಯಿಸುತ್ತಿದ್ದಿರಬೇಕು ಎಂದು ನಗುತ್ತಿದ್ದ. ಅವನು ಒಮ್ಮೆ ನಂಬಬೇಕು, ಅಜ್ಜನಿಗೆ ಬೇಕಾದದ್ದು ಅಷ್ಟೇ.

ತೊಂಬತ್ತನಾಲ್ಕರಲ್ಲಿ ಪ್ಯಾರಿಸ್ ಬಿಡುಗಡೆಗೆ ಐವತ್ತು ವರ್ಷ ತುಂಬಿತು. ಟೀವಿಯಲ್ಲಿ ಆಗಿನ ಫಿಲ್ಮ್ ತೋರಿಸುತ್ತಾರೆಂದು ತಿಳಿದು ಅಜ್ಜ ಇಸ್ತ್ರಿಯ ಅಂಗಿ ತೊಟ್ಟು ನೆರೆಯವರನ್ನೆಲ್ಲ ಕರೆದರು. ನಾನೂ ಹೆಂಡತಿಯೂ ಹೋದೆವು. ಟ್ಯಾಂಕುಗಳು ಬಂದವು, ಹುಡುಗಿಯರು ಮೇಲೆ ಹತ್ತಿ ಸೈನಿಕರಿಗೆ ಮುತ್ತಿಟ್ಟರು. ಊರುಗೋಲು ಹಿಡಿದ ದಳಪತಿ ಕಂಡದ್ದೇ ಅಜ್ಜ ಎದ್ದು ನಿಂತು, ಇವರೇ ನಮ್ಮವರು ಎಂದು ತೋರಿಸಿದರು.

ಮಗ ಕೇಳಿಯೇ ಬಿಟ್ಟ, ಎಲ್ಲ ಬಿಳಿಯರೇ ಇದ್ದಾರಲ್ಲ, ನಿಮ್ಮವರು ಎಲ್ಲಿ ಎಂದು.

ಅಜ್ಜ ಆವರೆಗೆ ಹೇಳದೆ ಮುಚ್ಚಿಟ್ಟಿದ್ದ ಮಾತು ಆಗ ಹೊರಬಂತು. "ಮರುಭೂಮಿ ದಾಟುವವರೆಗೆ ನಾವು ಬೇಕಿತ್ತು. ಮೊರಾಕೊದಲ್ಲಿ ಅಮೆರಿಕದ ಟ್ಯಾಂಕುಗಳು ಬಂದವು. ಫ್ರೆಂಚರು ಕರಿಯರನ್ನೆಲ್ಲ ಸಾಲಿನಿಂದ ತೆಗೆದರು."

"ಖಲಾಸ್, ಬಾಬಾ, ಸಾಕು," ಎಂದು ಮಗ ಟೀವಿ ಆರಿಸಿದ. ಇದೂ ಒಂದು ನೆಪ ಎಂದೇ ಅವನ ಲೆಕ್ಕ. ಅಜ್ಜ ಒಳಗೆ ಹೋದರು.

"ಅಜ್ಜನ ಮುಖ ನೋಡ್ಲಿಕ್ಕೆ ಆಗ್ಲಿಲ್ಲ ಮಾರಾಯ್ರೆ," ಎಂದಳು ನನ್ನ ಹೆಂಡತಿ. ನನಗಂತೂ ಮೈಯೆಲ್ಲ ಉರಿದುಹೋಯಿತು. ಎಂಥ ನಾಚಿಕೆಗೆಟ್ಟ ಜನ ಈ ಫ್ರೆಂಚರು! ಗುಂಡಿಗೆ ಎದೆ ಕೊಡಲು ಕಪ್ಪು ಮೈ ಆಗುತ್ತದೆ, ಹೂಮಾಲೆಗೆ ಆಗುವುದಿಲ್ಲ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂಬ ಜಾತಿ. ಅವರು ಕಸಿದದ್ದು ಪ್ಯಾರಿಸ್ ಒಂದನ್ನೇ ಅಲ್ಲ, ಸ್ವಂತ ಮನೆಯಲ್ಲೇ ಅಜ್ಜನನ್ನು ಸುಳ್ಳುಗಾರನನ್ನಾಗಿ ಮಾಡಿದರು. ಆಮೇಲೆ ಮೆಟ್ಟಿಲ ಮೇಲೆ ಅಜ್ಜ ಚಹಾ ಕುಡಿಯುತ್ತಿದ್ದರು, ಕತೆ ಮಾತ್ರ ಹೇಳಲಿಲ್ಲ. ಹಾಗೆಯೇ ತೀರಿಕೊಂಡರು.

ಈಚೆಗೆ ಆ ಮಗ ಫೋನ್ ಮಾಡಿದ್ದ. ಅವನಿಗೂ ವಯಸ್ಸಾಗಿದೆ. ಕಪ್ಪು ಸಿಪಾಯಿಗಳನ್ನು ಆ ಡಿವಿಜನ್ನಿನಿಂದ ತೆಗೆದದ್ದು ನಿಜವೆಂದು ಎಲ್ಲೋ ಓದಿದನಂತೆ. ಬಾಬಾ ಹೇಳಿದ್ದೆಲ್ಲ ನಿಜ, ಈಗ ನಂಬುತ್ತೇನೆ ಎಂದು ಬಿಕ್ಕಿದ.

ನಾನು ಸಮಾಧಾನ ಹೇಳಲಿಲ್ಲ. ನಂಬುತ್ತೇನೆ ಎಂಬ ಆ ಮಾತು ಬೇಕಿದ್ದದ್ದು ನನಗಲ್ಲ.